ಹಿಂಡು ದಾಟುವ ಕಣಿವೆ

ಬೆಟಲ್ಸ್‌ನಿಂದ ಉತ್ತರಕ್ಕೆ, ಅಲಾಸ್ಕಾ
ಜೂನ್ 19, 1968

ಮಗಳೇ ಮರಿಟ್,

ನಾನು ಸುಖವಾಗಿ ತಲುಪಿದ್ದೇನೆ. ನೀನು ಕೇಳದಿದ್ದರೂ ಮೊದಲು ಇದನ್ನೇ ಬರೆಯಬೇಕು ಅನ್ನಿಸಿತು.

ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲಿ ಡ್ಯೂಯಿ ಹ್ಯಾನ್ಲನ್ ಎಂಬ ಪೈಲಟ್ ನನ್ನನ್ನು ಈ ಸರೋವರದ ದಡದಲ್ಲಿ ಬಿಟ್ಟುಹೋದ. ಹಿಟ್ಟಿನ ಮೂಟೆ, ಕೊಡಲಿ, ಗರಗಸ, ಮೀನಿನ ಬಲೆ, ಬಂದೂಕು, ತಗಡಿನ ಒಲೆ ಎಲ್ಲವನ್ನೂ ಇಳಿಸಿದ ಮೇಲೆ ಆ ಸಾಮಾನಿನ ರಾಶಿಯನ್ನೂ ನನ್ನನ್ನೂ ಒಟ್ಟಿಗೆ ಒಮ್ಮೆ ನೋಡಿದ. "ಮಿಸೆಸ್ ಎಂಗೆನ್, ಅಮ್ಮಾವ್ರೇ, ಇಂಜಿನ್ ಇನ್ನೂ ಬಿಸಿ ಇದೆ. ಬೇಕಾದ್ರೆ ವಾಪಸ್ ಹತ್ಬಿಡಿ, ನಾನು ಯಾರಿಗೂ ಹೇಳಲ್ಲ" ಎಂದ. ಡುಲುತ್‌ನ ಅದಿರು ಬಂದರಿನ ಕ್ಯಾಂಟೀನಿನಲ್ಲಿ ಆಯುಸ್ಸೆಲ್ಲ ಅಡುಗೆ ಮಾಡಿಕೊಂಡಿದ್ದ ಐವತ್ತೇಳರ ಹೆಂಗಸನ್ನು ಇಂಥ ಕಡೆ ಇಳಿಸಿಹೋಗಲು ಅವನಿಗೆ ಮನಸ್ಸಾಗಲಿಲ್ಲ, ಪಾಪ. ಹೋಗಪ್ಪ, ಮನೆಯಲ್ಲಿ ಕಾಯುತ್ತಿರುತ್ತಾರೆ ಎಂದೆ.

ವಿಮಾನದ ಸದ್ದು ಬೆಟ್ಟದ ಸಂದಿಯಲ್ಲಿ ಸಣ್ಣಗಾಗುತ್ತ ಹೋಯಿತು. ಸೊಳ್ಳೆಯಷ್ಟಾಯಿತು. ಆಮೇಲೆ ಇಲ್ಲ. ನಿನ್ನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಲ್ಲ ಲೈನುಗಳೂ ಒಂದೇ ಸಲ ಕಡಿದುಹೋದರೆ ನಿನಗೆ ಹೇಗಾಗುತ್ತದೋ ನನಗೆ ಹಾಗಾಯಿತು. ಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟೆ. ಕೂತಲ್ಲೇ ತಲೆ ಎತ್ತಿ ನೋಡಿದರೆ, ಮರಿಟ್, ಸುತ್ತಲೂ ಬೆಟ್ಟ. ಯಾರೂ ಹೆಸರಿಡದ ಬೆಟ್ಟಗಳು. ನನ್ನನ್ನು ಯಾಕೆ ಬಂದೆ ಎಂದೂ ಕೇಳಲಿಲ್ಲ, ಬಾ ಎಂದೂ ಅನ್ನಲಿಲ್ಲ. ಹಾಗೆ ಯಾರೂ ಗಮನಿಸದ ಹಾಗೆ ಕೂತಿರುವುದು ಎಷ್ಟು ಹಿತ ಎಂದು ನನಗೆ ಗೊತ್ತಿರಲಿಲ್ಲ.

ಈಗ ಇಲ್ಲಿ ಸೂರ್ಯ ಮುಳುಗುವುದಿಲ್ಲ. ಬೆಟ್ಟದ ಬೆನ್ನಿನ ಮೇಲೆ ಮೇಯುವ ದನದ ಹಾಗೆ ನಿಧಾನವಾಗಿ ಸುತ್ತು ಹಾಕುತ್ತಾನೆ. ಯಾವಾಗ ಮಲಗಬೇಕೋ ತಿಳಿಯದೆ ಗುಡಿಸಲಿಗೆ ಮರ ಕಡಿಯುತ್ತಲೇ ಇದ್ದೇನೆ. ಅಂಗೈ ಪೂರ್ತಿ ಬೊಬ್ಬೆ. ಡ್ಯೂಯಿ ಮುಂದಿನ ಸಲ ಬಂದಾಗ ಈ ಕಾಗದ ಅವನ ಕೈಗೆ ಕೊಡುತ್ತೇನೆ.

ಲೈಲ್‌ಗೆ ನನ್ನ ನೆನಪು ಹೇಳು.

ನಿನ್ನ ಅಮ್ಮ,
ಟೋರ್‌ಬೊರ್ಗ್

•

ಡುಲುತ್, ಮಿನೆಸೋಟ
ಆಗಸ್ಟ್ 2, 1968

ಅಮ್ಮ,

ಕಾಗದ ಬಂತು. ಲೈಲ್ ಓದಿ, "ನಿಮ್ಮಮ್ಮ ಖುಷಿಯಾಗಿದ್ದಾರೆ ಕಣೇ" ಎಂದ. ಗಂಡನಾದವನು ಹೇಳಬಾರದ ಮಾತು ಯಾವುದು ಎಂದು ಅವನಿಗೆ ಇನ್ನೂ ತಿಳಿಯುವುದಿಲ್ಲ.

ನೀನು ಮಾರಿದ ಮನೆಯನ್ನು ಕೊಂಡವರು ಹಿತ್ತಲಲ್ಲಿ ಅಪ್ಪ ಮೀನಿಗೆ ಹೊಗೆ ಹಾಕುತ್ತಿದ್ದ ಗೂಡನ್ನು ಕಿತ್ತು ಕಾರು ನಿಲ್ಲಿಸಲು ಜಾಗ ಮಾಡಿದ್ದಾರೆ. ಆ ಬೀದಿಯಲ್ಲಿ ಹೋಗುವುದನ್ನು ನಾನು ಬಿಟ್ಟಿದ್ದೇನೆ.

ಒಂದು ಮಾತು ಕೇಳಲೇಬೇಕು. ಅಪ್ಪನ ಮಣ್ಣಿಗೆ ಬಂದವರಿಗೆಂದು ಮಾಡಿದ ಕೇಕು ಇನ್ನೂ ಡಬ್ಬಿಯಲ್ಲಿರುವಾಗಲೇ ನೀನು ನೆಲಮಾಳಿಗೆಯಲ್ಲಿ ಕೂತು ಕೊಡಲಿ ಮಸೆಯುತ್ತಿದ್ದೆ. ಮೇಲೆ ಅಪ್ಪನ ಅಂಗಿಗಳನ್ನು ಮಡಿಸುತ್ತಿದ್ದ ನನಗೆ ಆ ಸದ್ದು ಕೇಳಿಸುತ್ತಿತ್ತು. ಲಕ್ವ ಹೊಡೆದು ಮಲಗಿದ ಮನುಷ್ಯನನ್ನು ಅಷ್ಟು ವರ್ಷ ನೀನು ನೋಡಿಕೊಂಡೆ, ಇಲ್ಲ ಅನ್ನುವುದಿಲ್ಲ. ಆ ವರ್ಷಗಳಲ್ಲೆಲ್ಲ ನೀನು ಯಾವುದಕ್ಕೆ ಕಾಯುತ್ತಿದ್ದೆ?

ಇಲ್ಲಿ ಸೆಕೆ ಜಾಸ್ತಿ. ಬೇರೆ ವಿಶೇಷವಿಲ್ಲ.

ಮರಿಟ್

•

ಸರೋವರದ ದಡ
ಮಾರ್ಚ್ 11, 1969

ಮರಿಟ್, ನನ್ನ ಮಗಳೇ,

ಡ್ಯೂಯಿ ಇವತ್ತು ಹಿಮದ ಮೇಲೆ ಜಾರುವ ಹಲಗೆ ಕಟ್ಟಿಕೊಂಡ ವಿಮಾನದಲ್ಲಿ ಬಂದಿಳಿದಿದ್ದಾನೆ. ಒಲೆಯ ಮುಂದೆ ಕೂತು ಮೀನಿನ ಸಾರು ಕುಡಿಯುತ್ತಿದ್ದಾನೆ. ಅವನು ಕುಡಿದು ಮುಗಿಸುವುದರೊಳಗೆ ಬರೆಯಬೇಕು.

ನೀನು ಕೇಳಿದ್ದಕ್ಕೆ ಉತ್ತರ ಬರೆಯಲು ಚಳಿಗಾಲದಲ್ಲಿ ಎಷ್ಟೋ ಸಲ ಕೂತೆ. ಬರೆದದ್ದೆಲ್ಲ ಒಲೆ ಹೊತ್ತಿಸಲು ಆಯಿತು.

ಗುಡಿಸಲು ಗಟ್ಟಿಯಾಗಿದೆ. ಶರತ್ಕಾಲದಲ್ಲಿ ಕ್ಯಾರಿಬೂ ಎಂಬ ಇಲ್ಲಿಯ ಜಿಂಕೆಗಳ ಸಣ್ಣದೊಂದು ಗುಂಪು ಬಂದಿತ್ತು, ಎರಡನ್ನು ಹೊಡೆದು ಮಾಂಸ ಇಟ್ಟುಕೊಂಡೆ. ಹಸಿವಾಗಲಿಲ್ಲ. ಆದರೆ ಕತ್ತಲು! ನವೆಂಬರಿನಲ್ಲಿ ದಕ್ಷಿಣದ ಬೆಟ್ಟದ ಹಿಂದೆ ಹೋದ ಸೂರ್ಯ ಹೊಸ ವರ್ಷ ಬಂದರೂ ಬರಲಿಲ್ಲ. ಬರುತ್ತಾನೆ ಎಂದು ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಆದರೂ ಜನವರಿಯ ಕೊನೆಗೆ ಒಂದು ದಿನ ರೊಟ್ಟಿ ತಟ್ಟುತ್ತಿದ್ದಾಗ ಎದುರಿನ ಗೋಡೆಯ ಮೇಲೆ ಬೆರಳಗಲದ ಹಳದಿ ಗೆರೆಯೊಂದು ಬಂದು ನಿಂತಿತು. ಹಿಟ್ಟಿನ ಕೈಯನ್ನು ಅದರ ಮೇಲಿಟ್ಟೆ. ಬಿಸಿ ಇತ್ತು ಅಂದರೆ ನೀನು ನಂಬಬೇಕು. ಅದು ಸರಿದ ಹಾಗೆ ನಾನೂ ಗೋಡೆಯುದ್ದಕ್ಕೂ ಕೈ ಸರಿಸುತ್ತ ಹೋದೆ. ಅದು ಮಾಯವಾದ ಮೇಲೆ ನೋಡಿದರೆ ಗೋಡೆಯ ತುಂಬ ಹಿಟ್ಟು.

ನನಗೊಬ್ಬಳು ನೆರೆಯವಳು ಸಿಕ್ಕಿದ್ದಾಳೆ. ಆಗ್ನೆಸ್ ಸೈಮನ್ ಎಂದು, ಕೆಳಗೆ ಹೊಳೆದಂಡೆಯ ಹಳ್ಳಿಯ ಕೊಯುಕಾನ್ ಎಂಬ ಮೂಲನಿವಾಸಿ ಜನರವಳು, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು. ತಮ್ಮ ಬೋನುಗಳನ್ನು ನೋಡಿಕೊಂಡು ನಾಯಿಬಂಡಿಯಲ್ಲಿ ಬರುತ್ತಿದ್ದವಳು ನನ್ನ ಹೊಗೆ ಕಂಡು ಒಳಗೆ ಬಂದಳು. ಟೋಪಿ ತೆಗೆಯುವ ಮೊದಲೇ, "ನಿನ್ನ ಜನ ನಿನ್ನನ್ನ ಓಡ್ಸಿದ್ರಾ?" ಎಂದು ಕೇಳಿದಳು. ಇಲ್ಲ, ನಾನೇ ಬಂದೆ ಎಂದೆ. "ಹಂಗಾದ್ರೆ ತಲೆ ಕೆಟ್ಟಿರ್ಬೇಕು. ಚಹಾ ಐತಾ, ಹುಡುಗಿ?" ಎಂದಳು. ನನ್ನನ್ನು ಹುಡುಗಿ ಎಂದು ಕರೆಯುವವರು ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿರುವುದು.

ಬೇಸಿಗೆಯಲ್ಲಿ ಕರಡಿ ಕಂಡದ್ದನ್ನು ಹೇಳಹೊರಟರೆ ಬಂದು ನನ್ನ ಬಾಯಿ ಮುಚ್ಚಿದಳು. ಅವಳ ಕಡೆಯ ಹೆಂಗಸರು ಅದರ ಹೆಸರು ಎತ್ತುವುದಿಲ್ಲವಂತೆ. ಚಳಿಗಾಲ, ಅದು ಮಲಗಿದೆಯಲ್ಲ ಎಂದರೆ, "ಮಲಗಿದ್ರೂ ಕೇಳಿಸ್ಕೊಳ್ತದೆ" ಎಂದು ಪಿಸುಗುಟ್ಟಿದಳು. ಆವತ್ತಿನಿಂದ ನಾನೂ ಅದನ್ನು "ಆ ದೊಡ್ಡದು" ಅನ್ನುತ್ತೇನೆ. ಇಷ್ಟು ದೊಡ್ಡ ಕಾಡಿನಲ್ಲಿ ಯಾರು ಎಲ್ಲಿಂದ ಕೇಳಿಸಿಕೊಳ್ಳುತ್ತಿದ್ದಾರೋ, ಮರ್ಯಾದೆಯಿಂದ ಇರುವುದು ಒಳ್ಳೆಯದು.

ಡ್ಯೂಯಿ ತಟ್ಟೆ ಇಟ್ಟ. ಆರೋಗ್ಯ ನೋಡಿಕೋ.

ನಿನ್ನ ಅಮ್ಮ

•

ಡುಲುತ್
ಜೂನ್ 30, 1969

ಅಮ್ಮ,

ಗೋಡೆಯ ಮೇಲಿನ ಬಿಸಿಲಿಗೆ ಒಂದು ಪುಟ. ಆಗ್ನೆಸ್‌ಗೆ ಒಂದು ಪುಟ. ನನ್ನ ಪ್ರಶ್ನೆಗೆ ಒಲೆ.

ನಾಯಿಬಂಡಿಯ ಮುದುಕಿ ನಿನ್ನ ಬಾಯಿ ಮುಚ್ಚಿದ್ದನ್ನು ಮಾತ್ರ ಎರಡು ಸಲ ಓದಿದೆ. ನಮ್ಮ ಮನೆಯಲ್ಲಿ ಆ ಕೆಲಸ ಯಾರಿಂದಲೂ ಆಗಿರಲಿಲ್ಲ.

ಮರಿಟ್

•

ಸರೋವರದ ದಡ
ಸೆಪ್ಟೆಂಬರ್ 24, 1969

ಮಗಳೇ,

ನೀರಿನ ಅಂಚಿನಲ್ಲಿ ಬೆಳಗ್ಗೆ ಗಾಜಿನಂಥ ಮಂಜುಗಡ್ಡೆ ಕಟ್ಟತೊಡಗಿದೆ. ಡ್ಯೂಯಿ ಈ ವರ್ಷ ನೀರಿನ ಮೇಲೆ ವಿಮಾನ ಇಳಿಸುವುದು ಇದೇ ಕೊನೆ. ಇನ್ನು ಸರೋವರ ಗಟ್ಟಿಯಾಗುವವರೆಗೆ ಯಾರೂ ಬರುವಂತಿಲ್ಲ.

ಕ್ಯಾರಿಬೂಗಳು ಬರಲಿಲ್ಲ. ಇಡೀ ತಿಂಗಳು ಮೇಲಿನ ದಿಣ್ಣೆಯಲ್ಲಿ ಕೂತು ಕಣಿವೆಯನ್ನು ಕಾದೆ. ಅಲ್ಲಿ ಬೆಟ್ಟದ ಇಳಿಜಾರಿನಲ್ಲಿ ಅವುಗಳ ದಾರಿಗಳಿವೆ. ತಲೆಮಾರುಗಳಿಂದ ನಡೆದು ನಡೆದು ಕಲ್ಲಿನಲ್ಲೇ ಕೊರೆದುಹೋದ ಗೆರೆಗಳು, ಒಂದರ ಪಕ್ಕ ಒಂದು, ನೇಗಿಲು ಹೊಡೆದ ಹೊಲದ ಹಾಗೆ. ದಾರಿ ಇದೆ, ನಡೆಯುವವರಿಲ್ಲ. ಈ ಸಲ ಬೇರೆ ಕಣಿವೆ ಹಿಡಿದಿವೆಯಂತೆ. ಯಾಕೆ ಎಂದು ಕೇಳಿದರೆ ಆಗ್ನೆಸ್, "ಅವಕ್ಕೆ ಕಾಗದ ಬರೆದು ಕೇಳು, ನೀನು ಬರೀತಿರ್ತೀಯಲ್ಲ" ಅಂದಳು.

ಮಾಂಸವಿಲ್ಲದೆ ಚಳಿಗಾಲ ಕಳೆಯುವುದು ಕಷ್ಟ ಎಂದು ಡ್ಯೂಯಿಗೂ ಗೊತ್ತು. ಸಾಮಾನು ಕಟ್ಟಿ ಎಂದು ಬೆಳಗಿನಿಂದ ಹಿಂದೆ ಬಿದ್ದಿದ್ದಾನೆ. ಈಗಷ್ಟೇ, "ನಾಳೆ ನಿಮ್ಮ ಮಗಳು ಕೇಳಿದ್ರೆ ನಾನೇನಂತ ಹೇಳ್ಲಿ?" ಎಂದ. ಬದುಕಿದ್ದಾಳೆ ಅಂತ ಹೇಳು ಎಂದೆ. ಸಿಟ್ಟಿನಿಂದ ಎದ್ದು ಹೋಗಿ, ತನ್ನ ಮನೆಗೆಂದು ಕೊಂಡಿದ್ದ ಹಂದಿಮಾಂಸದ ತುಂಡನ್ನು ತಂದು ನನ್ನ ಬಾಗಿಲಿಗೆ ತೂಗುಹಾಕಿದ್ದಾನೆ.

ಯಾಕೆ ಬರುವುದಿಲ್ಲ ಎಂದು ನಿನಗಾದರೂ ಹೇಳಬೇಕು. ನಿನ್ನ ಅಜ್ಜ ಮಿನೆಸೋಟದ ಉತ್ತರದ ಜೌಗಿನಲ್ಲಿ ಬೋನು ಹಾಕಿ ಬದುಕಿದವನು, ಅದು ನಿನಗೆ ಗೊತ್ತು. ನನಗೆ ಒಂಬತ್ತು ವರ್ಷವಿದ್ದಾಗ ಒಂದು ಬೆಳಗ್ಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜೌಗಿನ ಮಧ್ಯಕ್ಕೆ ನಡೆದ. ದೂರದಲ್ಲಿ, ಮಂಜಿನೊಳಗೆ, ಕೊಂಬಿರುವ ಬೂದು ಬಣ್ಣದ ಪ್ರಾಣಿಗಳು, ಕೈಬೆರಳಿನಲ್ಲಿ ಎಣಿಸುವಷ್ಟು. ಅವನು ಹುಡುಗನಾಗಿದ್ದಾಗ ಅವು ಹಿಂಡು ಹಿಂಡಾಗಿ ಆ ಜೌಗನ್ನು ದಾಟುತ್ತಿದ್ದವಂತೆ. "ಚೆನ್ನಾಗಿ ನೋಡ್ಕೋ. ನೀನು ದೊಡ್ಡವಳಾದ್ಮೇಲೆ ಇರಲ್ಲ" ಎಂದ. ಹಾಗೇ ಆಯಿತು. ಈಗ ಆ ಕಡೆ ಒಂದೂ ಇಲ್ಲ.

ನನ್ನ ಅಪ್ಪ ಹೇಳಿದ ಆ ಹಿಂಡು ಎಂದರೆ ಏನು ಎಂದು ನೋಡಬೇಕು, ಮರಿಟ್. ಕೆಲವನ್ನಲ್ಲ. ಎಲ್ಲವನ್ನೂ. ವಸಂತದಲ್ಲಿ ಅವು ಮರಿ ಹಾಕಲು ಉತ್ತರಕ್ಕೆ ಹೋಗುತ್ತವೆ. ಈ ದಾರಿಯಲ್ಲಿ ಬರಲೂಬಹುದು.

ಇದು ಕಾರಣ ಅನ್ನಿಸಿಕೊಳ್ಳುತ್ತದೋ ಇಲ್ಲವೋ. ನನ್ನ ಹತ್ತಿರ ಇರುವುದು ಇದೇ.

ಅಮ್ಮ

•

ಡುಲುತ್
ಜನವರಿ 18, 1970

ಅಮ್ಮ,

ಇದು ನಿನಗೆ ಯಾವಾಗ ಸಿಗುತ್ತದೋ. ಬೆಟಲ್ಸ್‌ಗೆ ಲೈನ್ ಹಾಕಿಸಿ ಡ್ಯೂಯಿ ಹ್ಯಾನ್ಲನ್ ಜೊತೆ ಮಾತಾಡಿದೆ. ಸರೋವರದ ಮೇಲೆ ಹಿಮದ ಅಡಿಯಲ್ಲಿ ನೀರು ಉಕ್ಕಿ ನಿಂತಿದೆ, ಇಳಿದರೆ ವಿಮಾನ ಹೂತುಹೋಗುತ್ತದೆ ಅಂದ. ಎರಡು ಸಲ ಮೇಲಿಂದ ಸುತ್ತು ಹಾಕಿ ಬಂದನಂತೆ. ಮೊದಲನೇ ಸಲ ಹೊಗೆ ಇತ್ತು ಎಂದ. ಎರಡನೇ ಸಲ? ಎಂದು ಕೇಳಿದೆ. ಗಾಳಿ ಇತ್ತು, ಸರಿಯಾಗಿ ಕಾಣಲಿಲ್ಲ ಎಂದ.

ದಿನವೆಲ್ಲ ನಾನು ಕೂಡಿಸುವ ಲೈನುಗಳಲ್ಲಿ ಜನ ತಮ್ಮ ತಾಯಂದಿರ ಜೊತೆ ಜಗಳವಾಡುತ್ತಾರೆ. ಎಷ್ಟು ಸುಖವಾಗಿ ಜಗಳವಾಡುತ್ತಾರೆ.

ಏಪ್ರಿಲಿನಲ್ಲಿ ನಾನೇ ಬರುತ್ತೇನೆ. ಬಂದವಳು ನಿನ್ನನ್ನು ಕರೆದುಕೊಂಡೇ ಹೋಗುತ್ತೇನೆ. ಈ ಸಲ ನಿನ್ನನ್ನು ಕೇಳುವುದಿಲ್ಲ.

ಮರಿಟ್

•

ಸರೋವರದ ದಡ
ಫೆಬ್ರವರಿ, ತಾರೀಖು ತಪ್ಪಿಹೋಗಿದೆ, 1970

ಮರಿಟ್,

ಬದುಕಿದ್ದೇನೆ. ಇದನ್ನು ಆಗ್ನೆಸ್ ತನ್ನ ಬಂಡಿಯಲ್ಲಿ ಒಯ್ಯುತ್ತಾಳೆ. ಅವಳ ಹಳ್ಳಿಯಿಂದ ಅಂಚೆಗೆ ಹೋಗಿ ನಿನ್ನ ಕೈಸೇರುವುದು ಯಾವಾಗಲೋ.

ಮೊಲ ಸಿಗುತ್ತಿತ್ತು, ತಿನ್ನುತ್ತಿದ್ದೆ. ಎಷ್ಟು ತಿಂದರೂ ಮೈ ಇಳಿಯುತ್ತಲೇ ಹೋಯಿತು. ಜ್ವರ ಬಂದು ಒಲೆ ಆರಿದ್ದೂ ಗೊತ್ತಾಗಲಿಲ್ಲ ಒಮ್ಮೆ. ಆಗ್ನೆಸ್ ಬಂದು ಬೆಂಕಿ ಹಾಕಿ, ನನ್ನ ತೋಳು ಹಿಡಿದು ನೋಡಿ ಬೈದಳು: "ಮೊಲದಲ್ಲಿ ಕೊಬ್ಬೆಲ್ಲೈತೆ? ಹೊಟ್ಟೆ ತುಂಬಿಸ್ಕೊಂಡೇ ಸಾಯ್ತೀಯ ನೀನು." ತಮ್ಮ ಮನೆಗೆ ಒಯ್ಯುತ್ತಿದ್ದ ಬೀವರ್ ಎಂಬ ಹೊಳೆಪ್ರಾಣಿಯ ಕೊಬ್ಬನ್ನು ಕಾಸಿ ನನಗೆ ಕುಡಿಸಿದಳು. ನಾನು ಏಳುವವರೆಗೆ ಇದ್ದಳು.

ಮೊದಲ ದಿನ ಹೊರಗೆ ಬಂದು ನೀರಿಗಾಗಿ ಮಂಜುಗಡ್ಡೆಯಲ್ಲಿ ಕೊರೆದ ತೂತಿನ ಹತ್ತಿರ ಬಗ್ಗಿದಾಗ ಸರೋವರ ಒಂದು ದಡದಿಂದ ಇನ್ನೊಂದು ದಡಕ್ಕೆ ಸೀಳಿಕೊಂಡು ಹಾಡಿತು. ಚಳಿಗೆ ಮಂಜುಗಡ್ಡೆ ಕುಗ್ಗಿ ಬಿರಿದರೆ ಹಾಗೆ ಸದ್ದಾಗುತ್ತದೆ, ಗೊತ್ತು. ಪಾದದ ಅಡಿಯಿಂದ ಎದೆಯವರೆಗೆ ಬಂತು. ಮೇಲೆ ಆಕಾಶದಲ್ಲಿ ಹಸಿರು ಬೆಳಕು ಗಾಳಿಗೆ ಪರದೆ ಅಲುಗಿದ ಹಾಗೆ ಅಲುಗುತ್ತಿತ್ತು. ನಾನು ಒಣಗಿದ ಕಡ್ಡಿಯ ಹಾಗಾಗಿದ್ದೆ. ಆದರೂ ಇದನ್ನು ನೋಡಲು ಎಷ್ಟು ಜೀವ ಬೇಕೋ ಅಷ್ಟು ನನ್ನಲ್ಲಿತ್ತು.

ನಿನ್ನನ್ನು ಎಷ್ಟು ನೆನೆಯುತ್ತೇನೆ ಎಂದು ಬರೆಯುವುದಿಲ್ಲ. ಬರೆದರೆ ಮತ್ತೆ ಒಲೆಗೆ ಹೋದೀತು.

ಅಮ್ಮ

•

ಡುಲುತ್
ಮೇ 10, 1970

ಅಮ್ಮ,

ನಿನ್ನ ಫೆಬ್ರವರಿಯ ಕಾಗದ ನಾನು ಹೊರಟ ಮೇಲೆ ಬಂದು ಮೇಜಿನ ಮೇಲೆ ಕಾದಿತ್ತು. ಅಲ್ಲಿಗೆ ಬರುವ ಮೊದಲೇ ಓದಿದ್ದರೆ ಜ್ವರದ ವಿಷಯಕ್ಕೂ ಒಂದು ಜಗಳ ಸೇರುತ್ತಿತ್ತು.

ಲೈಲ್ ದಿನಾ ಕೇಳುತ್ತಾನೆ, ಏನು ನೋಡಿದೆ ಹೇಳು ಎಂದು. ಬಾಯಿ ತೆರೆದರೆ ಮಾತು ಬರುವುದಿಲ್ಲ. ನೀನು ಬೆನ್ನು ತಿರುಗಿಸಿ ನಿಂತಿದ್ದೆ, ನಿನಗೂ ಎಲ್ಲ ಕಂಡಿಲ್ಲ. ಅದಕ್ಕೆ ನಿನಗೇ ಬರೆಯುತ್ತಿದ್ದೇನೆ.

ಮೊದಲು ಇದನ್ನು ಹೇಳಿಬಿಡುತ್ತೇನೆ. ವಿಮಾನ ಇಳಿದಾಗ ಮಂಜುಗಡ್ಡೆಯ ಮೇಲೆ ನಡೆದು ಬರುತ್ತಿದ್ದ ಆ ಕಪ್ಪು ಮುಖದ, ಕೆನ್ನೆ ಒಳಹೋದ ಮನುಷ್ಯ ಯಾರು ಎಂದು ನಾನು ಡ್ಯೂಯಿಯನ್ನು ಕೇಳಿದೆ. ಆಮೇಲೆ ನೀನು "ಕಾಫಿ ತಂದಿದ್ದೀಯಾ?" ಎಂದೆ.

ನಾಡಿದ್ದು ಬರುತ್ತೇನೆ, ಇಬ್ಬರೂ ತಯಾರಾಗಿರಿ ಎಂದು ಅವನು ಹೋದ. ನಾನು ನಿನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿದೆ. ನೀನು ಬಲೆ ಹೊಲಿಯುತ್ತ ಕೂತಿದ್ದೆ. "ನಾನು ಬರಲ್ಲ, ಮರಿಟ್" ಎಂದು ಒಂದೇ ಸಲ ಹೇಳಿದೆ. ನಾನು ಕೂಗಾಡಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಇಬ್ಬರೂ ಗೋಡೆಗೆ ಮುಖ ಮಾಡಿ ಮಲಗಿದೆವು.

ಬೆಳಗ್ಗೆ ನನ್ನನ್ನು ಎಬ್ಬಿಸಿದ್ದು ಒಂದು ಸದ್ದು. ಸಾವಿರ ಹೆಂಗಸರು ಒಟ್ಟಿಗೆ ಕೂತು ಉಲ್ಲನ್ ಹೆಣೆಯುತ್ತಿದ್ದಾರೆ, ಕಡ್ಡಿಗೆ ಕಡ್ಡಿ ತಾಗುತ್ತಿದೆ, ಅಂಥ ಸದ್ದು. ಬಾಗಿಲು ತೆರೆದಿತ್ತು, ಚಳಿ ಒಳಗೆ ನುಗ್ಗುತ್ತಿತ್ತು. ನಾನು ಮುಚ್ಚಲು ಹೋದರೆ ನೀನು ತಿರುಗದೆಯೇ, "ಹಾಕ್ಬೇಡ. ಬಂದ್ವು" ಎಂದೆ.

ಸರೋವರ ಇರಲಿಲ್ಲ ಅಮ್ಮ. ಆ ಬೆಟ್ಟದಿಂದ ಈ ಬೆಟ್ಟದವರೆಗೆ ಬೆನ್ನುಗಳು. ಬೂದು ಬೆನ್ನು, ಕೊಂಬು, ಉಸಿರಿನ ಹಬೆ, ಮತ್ತೆ ಬೆನ್ನು. ನಡೆಯುವಾಗ ಅವುಗಳ ಕಾಲಿನ ನರ ಚಟಚಟ ಅನ್ನುತ್ತಿತ್ತು, ಆ ಸದ್ದು ಬಿಟ್ಟರೆ ಅಷ್ಟು ಜೀವಗಳಲ್ಲಿ ಒಂದೂ ಕೂಗಲಿಲ್ಲ. ಬಂದೂಕು ಗೋಡೆಗೆ ಒರಗಿತ್ತು. ನಿನ್ನ ಮಣಿಕಟ್ಟು ನೋಡಿ ತಡೆಯಲಾರದೆ, "ಹೊಡಿ ಅಮ್ಮ, ಒಂದನ್ನಾದ್ರೂ ಹೊಡಿ" ಎಂದೆ. ನೀನು, "ಮುಂದೆ ಹೋಗ್ತಿರೋವೆಲ್ಲ ತುಂಬು ಬಸುರಿಯರು. ಹೋಗ್ಲಿ" ಎಂದೆ. ಇಡೀ ಚಳಿಗಾಲ ಹಸಿದವಳು ಹೇಳುವ ಮಾತೇ ಅದು?

ಆಮೇಲೆ ನೀನು ಬರಿಗೈಯಲ್ಲಿ ಹೊರಗೆ ಹೋದೆ. ನಿಧಾನವಾಗಿ, ಇಗರ್ಜಿಗೆ ತಡವಾಗಿ ಬಂದವರು ನಡೆಯುವ ಹಾಗೆ. ಒಂದು ಹೆಜ್ಜೆ, ನಿಂತೆ. ಇನ್ನೊಂದು ಹೆಜ್ಜೆ. ಅವು ಸ್ವಲ್ಪ ಸರಿದು ದಾರಿ ಬಿಟ್ಟವು, ನಿನ್ನ ಹಿಂದೆ ಮತ್ತೆ ಕೂಡಿಕೊಂಡವು. ನಿನ್ನ ಟೋಪಿ ಮಾತ್ರ ಕಾಣುತ್ತಿತ್ತು. ನನಗೆ ಮೊದಲು ಭಯವಾಯಿತು, ಆಮೇಲೆ ನಿಜ ಹೇಳುತ್ತೇನೆ, ಹೊಟ್ಟೆಕಿಚ್ಚಾಯಿತು. ನೀನು ಒಮ್ಮೆ ಪಕ್ಕಕ್ಕೆ ತಿರುಗಿದಾಗ ಮುಖ ಕಂಡಿತು. ಆ ಮುಖವನ್ನು ನಮ್ಮ ಮನೆಯಲ್ಲಿ ನಾನು ನೋಡಿರಲಿಲ್ಲ. ಅಪ್ಪನೂ ನೋಡಿರಲಿಕ್ಕಿಲ್ಲ.

ಆಗಲೇ ಒಂದು ಹೆಣ್ಣು ಜಿಂಕೆ ಗುಂಪು ಬಿಟ್ಟು ಬಾಗಿಲ ಹತ್ತಿರ ಬಂದಿತು. ಕೈಚಾಚಿದರೆ ಸಿಗುವಷ್ಟು ಹತ್ತಿರ. ಮೂತಿಯ ಕೂದಲಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿತ್ತು. ಹೊಟ್ಟೆ ಎರಡೂ ಕಡೆ ಉಬ್ಬಿತ್ತು, ಒಳಗಿನದು ಒದ್ದದ್ದು ಚರ್ಮದ ಮೇಲೆ ಕಂಡಿತು. ಅದು ನನ್ನನ್ನು ನೋಡಿತು. ಅದರ ಕಣ್ಣಿನಲ್ಲಿ ಬಾಗಿಲು ಇತ್ತು, ಬಾಗಿಲಿನಲ್ಲಿ ನಾನಿದ್ದೆ, ಬಹಳ ಚಿಕ್ಕವಳಾಗಿ. ನಾನು ಯಾಕೆ ಬಂದಿದ್ದೆ, ಯಾರ ಮೇಲೆ ಸಿಟ್ಟಾಗಿದ್ದೆ, ಯಾವುದೂ ಆ ಹೊತ್ತಿನಲ್ಲಿ ನನ್ನ ಹತ್ತಿರ ಇರಲಿಲ್ಲ. ಅದು ಉಸಿರು ಬಿಟ್ಟಿತು. ನನ್ನ ಮುಖಕ್ಕೆ ಬೆಚ್ಚಗೆ ತಾಗಿತು. ಆಮೇಲೆ ತನ್ನವರ ಜೊತೆ ಉತ್ತರಕ್ಕೆ ಹೋಯಿತು.

ಮರುದಿನ ಡ್ಯೂಯಿ ಬಂದು, ಇಳಿಯಲು ಒಂದು ಅಡಿ ಜಾಗ ಕಾಣದೆ ವಾಪಸ್ ಹೋದ. ನೀನು ನಗುತ್ತಿದ್ದೆ. ಸಂಜೆಯ ಹೊತ್ತಿಗೆ ಹಿಂಡಿನ ಬಾಲ ಬಂತು. ಹಿಂದುಳಿದ ಎಳೆ ಗಂಡೊಂದನ್ನು ನೀನು ಒಂದೇ ಗುಂಡಿಗೆ ಹೊಡೆದೆ. ಚರ್ಮ ಸುಲಿಯುವಾಗ ಹಿಂಗಾಲನ್ನು ನಾನು ಹಿಡಿದುಕೊಂಡಿದ್ದೆ. ಕೈಯೆಲ್ಲ ಬಿಸಿ ರಕ್ತ. ನಿನ್ನ ಮುಖ ನೋಡದೆ ಕೇಳಲು ಅದೇ ಸರಿಯಾದ ಹೊತ್ತು ಅನ್ನಿಸಿತು.

"ಅಪ್ಪ ಹೋಗ್ಲಿ ಅಂತ ಕಾಯ್ತಿದ್ಯಾ?" ಎಂದೆ.

ನಿನ್ನ ಚಾಕು ನಿಲ್ಲಲಿಲ್ಲ. ಕೊಯ್ಯುತ್ತಲೇ ನೀನು ಹೇಳಿದೆ: "ಕಾದಿರ್ಲಿಲ್ಲ. ಇದೆಲ್ಲ ಬೇಕಿತ್ತು ಅನ್ನೋದೇ ಮರ್ತುಹೋಗಿತ್ತು. ಹೆರಾಲ್ಡ್ ಬದುಕಿದ್ದಿದ್ರೆ ಈಗ್ಲೂ ಅವನಿಗೆ ಗಂಜಿ ಕುಡಿಸ್ತಿದ್ದೆ. ಬೇಜಾರಿಲ್ದೆ ಕುಡಿಸ್ತಿದ್ದೆ. ಅವನು ಹೋದ ಮೇಲೆ ಒಂದಿನ ಕೈಗೆ ಏನೂ ಕೆಲಸ ಇಲ್ಲ ಅಂತ ನೆಲಮಾಳಿಗೆಗೆ ಇಳಿದೆ. ನಮ್ಮಪ್ಪನ ಕೊಡಲಿ ತುಕ್ಕು ಹಿಡಿದಿತ್ತು. ಮಸೀತಾ ಮಸೀತಾ ನೆನಪಾಯ್ತು."

ಆಮೇಲೆ, "ಆ ಮನೇಲಿದ್ದೋಳೂ ನಾನೇ, ಮರಿಟ್. ಸುಳ್ಳು ಸುಳ್ಳೇ ಇರ್ಲಿಲ್ಲ. ಗಟ್ಟಿಯಾಗಿ ಹಿಡ್ಕೋ, ಜಾರ್ತಿದೆ" ಎಂದೆ.

ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಎಲುಬಿನೊಳಗಿನ ಮಜ್ಜೆಯನ್ನು ಸುಟ್ಟು ಕೊಟ್ಟೆಯಲ್ಲ, ಅಂಥ ರುಚಿಯನ್ನು ನಾನು ಕಂಡಿರಲಿಲ್ಲ. ನೀನು ತಿನ್ನುವುದನ್ನು ನೋಡುತ್ತ ಕೂತಿದ್ದೆ. ಚೀಲದಿಂದ ನಿನ್ನ ಬಟ್ಟೆಗಳನ್ನು ಯಾವಾಗ ತೆಗೆದು ಗೂಟಕ್ಕೆ ಹಾಕಿದೆನೋ ನನಗೇ ನೆನಪಿಲ್ಲ.

ಡ್ಯೂಯಿ ಬಂದಾಗ ನೀನು ನನ್ನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದೆ, ಶಾಲೆಗೆ ಕಳಿಸುವಾಗ ಹಾಕುತ್ತಿದ್ದ ಹಾಗೆ, ಕೆಳಗಿನಿಂದ ಮೇಲಕ್ಕೆ. ಖಾಲಿ ಸೀಟನ್ನು ನೋಡಿ ಅವನು ನನ್ನ ಚೀಲವನ್ನು ಅದರ ಮೇಲಿಟ್ಟ.

ಮೇಲೇರಿದ ಮೇಲೆ ಅವನು ಸರೋವರದ ಸುತ್ತ ಒಂದು ಸುತ್ತು ಹಾಕಿದ. ನಾನು ಕಿಟಕಿಗೆ ಹಣೆ ಒತ್ತಿ ಕೂತಿದ್ದೆ, ನೀನು ಕೈ ಬೀಸುತ್ತೀಯ ಎಂದು. ನೀನು ಆಗಲೇ ಮೀನಿನ ಬಲೆ ಇಳಿಬಿಡುವ ತೂತಿನ ಹತ್ತಿರ ಬಗ್ಗಿ ಮಂಜುಗಡ್ಡೆ ಒಡೆಯುತ್ತಿದ್ದೆ. ತಲೆ ಎತ್ತಲಿಲ್ಲ. ಅಷ್ಟು ದೊಡ್ಡ ಬಿಳುಪಿನಲ್ಲಿ ಒಂದು ಚುಕ್ಕೆ, ತೋಳು ಎತ್ತುತ್ತದೆ, ಇಳಿಸುತ್ತದೆ, ಎತ್ತುತ್ತದೆ. ಸುತ್ತಲೂ ಉತ್ತರಕ್ಕೆ ಹೋದ ಹೆಜ್ಜೆಗಳು.

"ಅಮ್ಮಾವ್ರಿಗೆ ಕೇಳಿಸ್ಲಿಲ್ಲ ಅನ್ಸುತ್ತೆ. ಇನ್ನೊಂದು ಸುತ್ತು ಹಾಕ್ಲಾ?" ಎಂದ ಡ್ಯೂಯಿ.

"ಬೇಡ. ಕೆಲಸ ಮಾಡ್ತಿದ್ದಾಳೆ, ಬಿಡಿ" ಎಂದೆ.

ನಿನ್ನ
ಮರಿಟ್